ಬೆಂಗಳೂರಿನ ಅಲ್ಪಪರಿಚಿತ ಐತಿಹಾಸಿಕ ಸ್ಮಾರಕಗಳು

ಬೆಂಗಳೂರಿನ ಅಲ್ಪಪರಿಚಿತ ಐತಿಹಾಸಿಕ ಸ್ಮಾರಕಗಳು ಎಂದರೆ ಬೆಂಗಳೂರು ನಗರದ ಹಳೆಯ ಊರುಗಳು, ಕೆರೆಯಂಗಳಗಳು, ದೇವಾಲಯಗಳ ಆವರಣಗಳು ಹಾಗೂ ಬೀದಿಗಳಲ್ಲಿ ಉಳಿದುಬಂದಿರುವ, ಆದರೆ ಹೆಚ್ಚಿನವರ ಗಮನಕ್ಕೆ ಬಾರದ ಶಿಲಾಶಾಸನಗಳು, ವೀರಗಲ್ಲುಗಳು, ಗೋಪುರಗಳು ಮತ್ತು ಕೋಟೆಯ ಅವಶೇಷಗಳು. ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಕಟ್ಟಿಸಿದರೆಂಬುದು ಪ್ರಚಲಿತ ಅಭಿಪ್ರಾಯ. ಅದಕ್ಕೂ ಹಿಂದೆ ಈ ಪ್ರದೇಶದಲ್ಲಿ ಜನವಸತಿ, ಕೆರೆ, ಬೇಸಾಯ ಮತ್ತು ಆಡಳಿತ ವ್ಯವಸ್ಥೆಗಳಿದ್ದುದಕ್ಕೆ ಈ ಕಲ್ಲುಗಳೇ ಮುಖ್ಯ ಲಿಖಿತ ಆಧಾರ. ಆದುದರಿಂದ ಒಂದು ಶಾಸನ ನಾಶವಾದರೆ ಅದರೊಡನೆ ಒಂದು ಊರಿನ ಚರಿತ್ರೆಯೂ ಅಳಿಯುವ ಸಂಭವವಿದೆ.

ಶಾಸನಗಳು ಮತ್ತು ವೀರಗಲ್ಲುಗಳು

ಬೆಂಗಳೂರು ಜಿಲ್ಲೆಯ ಶಾಸನಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸಿ ಪ್ರಕಟಿಸಿದ ಕೀರ್ತಿ ಬಿ. ಎಲ್. ರೈಸ್ ಅವರಿಗೆ ಸಲ್ಲುತ್ತದೆ. ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೆಯ ಸಂಪುಟ 1905ರಲ್ಲಿ ಹೊರಬಂದಿತು. ಅನಂತರ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಮೂಲಕ ಈ ಕಾರ್ಯವನ್ನು ಮುಂದುವರಿಸಿದರು.

ಬೇಗೂರು: ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ಕನ್ನಡ ಶಾಸನವು 'ಬೆಂಗಳೂರ ಕಾಳಗ'ದಲ್ಲಿ ಮಡಿದವನೊಬ್ಬನನ್ನು ಸ್ಮರಿಸುತ್ತದೆ. ಹಸಿದು ಬಂದ ಅರಸನಿಗೆ ಮುದುಕಿಯೊಬ್ಬಳು ಬೆಂದ ಕಾಳು ನೀಡಿದುದರಿಂದ 'ಬೆಂದಕಾಳೂರು' ಎಂಬ ಹೆಸರು ಬಂದಿತೆಂಬ ಐತಿಹ್ಯದ ನಾಯಕ ಹೊಯ್ಸಳ ವೀರಬಲ್ಲಾಳ. ಆತನ ಕಾಲಕ್ಕಿಂತ ಬಹಳ ಹಿಂದೆಯೇ ಬೆಂಗಳೂರು ಎಂಬ ಹೆಸರು ಬಳಕೆಯಲ್ಲಿತ್ತೆಂದು ಈ ಶಾಸನದಿಂದ ತಿಳಿದುಬರುತ್ತದೆ. ಬೇಗೂರಿನದೇ ಆದ, ಯುದ್ಧದೃಶ್ಯವನ್ನು ವಿವರವಾಗಿ ಕೆತ್ತಿರುವ ಮತ್ತೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹೆಬ್ಬಾಳ: 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು. ಸುಮಾರು ಕ್ರಿ.ಶ. 750ರ ಈ ಶಾಸನವು ನಗರದ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಇದರಲ್ಲಿ ಬರುವ 'ಪೆರ್ಬೊಳಲ್' ಎಂಬ ಹೆಸರೇ ಕಾಲಕ್ರಮದಲ್ಲಿ ಪಕಾರವು ಹಕಾರವಾಗಿ ಹೆಬ್ಬಾಳವಾಯಿತು. 'ಪಾಲು' ಹಾಲಾದ, 'ಪೂ' ಹೂವಾದ ಬದಲಾವಣೆಯೇ ಇಲ್ಲಿಯೂ ಕಾಣುತ್ತದೆ.

ಅಗರ: ಇಲ್ಲಿನ 9ನೆಯ ಶತಮಾನದ ಶಾಸನವು ಕೆರೆಗಳ ತೂಬುಗಳಿಗೆ ಬಾಗಿಲುಗಳನ್ನು ಇರಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ಅಂದಿನ ನೀರಾವರಿ ವ್ಯವಸ್ಥೆಯನ್ನು ಅರಿಯಲು ಇದು ಉಪಯುಕ್ತ.

ದೊಮ್ಮಲೂರು ಮತ್ತು ಮಡಿವಾಳ: ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯ ಹಾಗೂ ಮಡಿವಾಳದ ಸೋಮೇಶ್ವರ ದೇವಾಲಯಗಳಲ್ಲಿ ತಮಿಳು ಶಾಸನಗಳಿವೆ. ಕೆಂಪೇಗೌಡರ ಪೇಟೆಗೆ ಮೊದಲೇ ಈ ಪ್ರದೇಶದಲ್ಲಿ ಎರಡೂ ಭಾಷೆಗಳು ಶಾಸನಗಳಲ್ಲಿ ಬಳಕೆಯಲ್ಲಿದ್ದವೆಂಬುದಕ್ಕೆ ಇವು ಸಾಕ್ಷಿ.

ಗಡಿಗೋಪುರಗಳು ಮತ್ತು ಕೋಟೆ

ಕೆಂಪೇಗೌಡರ ವಂಶದವರು ಕಟ್ಟಿಸಿದರೆನ್ನಲಾದ ನಾಲ್ಕು ಗೋಪುರಗಳು ಲಾಲ್‌ಬಾಗ್‌ನ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ ಮತ್ತು ಮೇಖ್ರಿ ವೃತ್ತದ ಸಮೀಪದಲ್ಲಿವೆ. ಊರು ಇವುಗಳವರೆಗೆ ಬೆಳೆಯುವುದೆಂಬ ನಂಬಿಕೆ ಜನರಲ್ಲಿತ್ತು. ಇವು ಕಾವಲು ಗೋಪುರಗಳೆಂಬ ಅಭಿಪ್ರಾಯವೂ ಇದೆ. ಲಾಲ್‌ಬಾಗ್‌ನ ಗೋಪುರ ನಿಂತಿರುವ ಬಂಡೆಯೇ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾಗಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ.

ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಿಂದ ಪುನರ್ನಿರ್ಮಿಸಿದನು. 1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಇದನ್ನು ವಶಪಡಿಸಿಕೊಂಡಿತು. ಅನಂತರದ ಕಾಲದಲ್ಲಿ ಕೋಟೆಯ ಬಹುಭಾಗವನ್ನು ಕೆಡವಲಾಗಿದ್ದು, ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ಉಳಿದಿದೆ.

ಕಳೆದುಹೋದವು

ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿತು. 1791ರ ಯುದ್ಧದಲ್ಲಿ ಮಡಿದ ಬ್ರಿಟಿಷ್ ಸೈನಿಕರ ಸ್ಮಾರಕಸ್ತಂಭವನ್ನು 1964ರಲ್ಲಿ ತೆಗೆದುಹಾಕಲಾಯಿತು. ರಸ್ತೆ ಎತ್ತರಿಸುವಾಗ ಮತ್ತು ಚರಂಡಿ ತೋಡುವಾಗ ಶಾಸನಗಳು ಹೂತುಹೋಗುವುದು, ಚಪ್ಪಡಿ ಅಥವಾ ಬಟ್ಟೆ ಒಗೆಯುವ ಕಲ್ಲಾಗಿ ಬಳಕೆಯಾಗುವುದು, ನಿಧಿಯಾಸೆಯಿಂದ ಒಡೆಯಲ್ಪಡುವುದು ಇವೆಲ್ಲ ನಾಶಕ್ಕೆ ಸಾಮಾನ್ಯ ಕಾರಣಗಳು. ಸುಣ್ಣ, ಬಣ್ಣ ಮತ್ತು ಸಿಮೆಂಟಿನ ಲೇಪಗಳಿಂದಲೂ ಅಕ್ಷರಗಳು ಮುಚ್ಚಿಹೋಗುತ್ತವೆ.

ಕಾನೂನು ಮತ್ತು ಸಂರಕ್ಷಣೆ

ಕೇಂದ್ರ ಸರ್ಕಾರದ 1958ರ ಹಾಗೂ ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮಗಳು ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ ರಕ್ಷಣೆ ಒದಗಿಸುತ್ತವೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದೆ. ಕೋಟೆ ಮತ್ತು ಟಿಪ್ಪುವಿನ ಅರಮನೆಗಳು ಈ ಪಟ್ಟಿಯಲ್ಲಿವೆ. ಆದರೆ ಬೀದಿಬದಿಯ ವೀರಗಲ್ಲು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಅದಕ್ಕೆ ಈ ರಕ್ಷಣೆ ದೊರೆಯುವುದಿಲ್ಲ. ಅದರ ಉಳಿವು ಬಹುಮಟ್ಟಿಗೆ ಸ್ಥಳೀಯರ ಅರಿವನ್ನು ಅವಲಂಬಿಸಿರುತ್ತದೆ.

ಸಾರ್ವಜನಿಕರ ಪ್ರಯತ್ನ ಫಲ ನೀಡಿದ ನಿದರ್ಶನಗಳೂ ಇವೆ. 1980ರ ದಶಕದಲ್ಲಿ ಅಠಾರ ಕಚೇರಿಯನ್ನು ಕೆಡವುವ ಪ್ರಸ್ತಾವ ಬಂದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡ ಉಳಿದು, ಇಂದಿಗೂ ರಾಜ್ಯದ ಉಚ್ಚ ನ್ಯಾಯಾಲಯವಾಗಿದೆ. ಹೆಬ್ಬಾಳದ ವೀರಗಲ್ಲಿಗೆ ಸಮುದಾಯದ ನೆರವಿನಿಂದ ಮಂಟಪ ನಿರ್ಮಾಣವಾಗಿದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಹಿಂದೆ ಕಾಗದದ ಮೇಲೆ ಮಸಿಯಿಂದ ಪಡಿಯಚ್ಚು ತೆಗೆಯುವುದೇ ಮುಖ್ಯ ವಿಧಾನವಾಗಿತ್ತು. ಸ್ಕ್ಯಾನಿಂಗ್‌ನಿಂದ ಸವೆದ ಅಕ್ಷರಗಳನ್ನೂ ಓದಲು ಅನುಕೂಲವಾಗುವುದಲ್ಲದೆ, ಮೂಲ ಶಿಲೆಗೆ ಹಾನಿಯಾದರೂ ಪಾಠ ಉಳಿಯುತ್ತದೆ. ಆದರೂ ಶಾಸನವು ಮೂಲಸ್ಥಳದಲ್ಲಿಯೇ ಇದ್ದಾಗ ಅದರಲ್ಲಿ ಹೇಳಿರುವ ಕೆರೆ, ಗದ್ದೆ, ಎಲ್ಲೆಗಳನ್ನು ಗುರುತಿಸುವುದು ಸುಲಭವಾಗುವುದರಿಂದ, ಸಾಧ್ಯವಾದಲ್ಲೆಲ್ಲ ಅಲ್ಲಿಯೇ ಸಂರಕ್ಷಿಸುವುದು ಅಪೇಕ್ಷಣೀಯ.

ಇವನ್ನೂ ನೋಡಿ

ಬೆಂಗಳೂರಿನ ಇತಿಹಾಸ
ಬೇಗೂರು
ವೀರಗಲ್ಲು
ಎಪಿಗ್ರಾಫಿಯಾ ಕರ್ನಾಟಿಕಾ