ಮೂತ್ರಪಿಂಡ ಕಾಠಿನ್ಯ

ಬಹುಕಾಲ ಏರಿಯೇ ನಿಂತ ರಕ್ತದೊತ್ತಡದಿಂದ ಮೂತ್ರಪಿಂಡದ ಕಿರುಧಮನಿಗಳು ಗಡುಸಾಗಿ, ಒಳದಾರಿ ಕಿರಿದಾಗಿ, ಸೋಸುವ ಅಂಗಾಂಶ ಕ್ರಮೇಣ ನಶಿಸುವ ವ್ಯಾಧಿ. ಹೃದಯವು ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಪಾಲು ಮೂತ್ರಪಿಂಡಗಳಿಗೆ ಹರಿಯುವುದರಿಂದ, ಪ್ರತಿಯೊಂದರಲ್ಲಿಯೂ ಇರುವ ಸುಮಾರು 10 ಲಕ್ಷ ನೆಫ್ರಾನುಗಳಿಗೆ (ಸೋಸುವ ಘಟಕಗಳಿಗೆ) ರಕ್ತವನ್ನು ತರುವ ಕಿರುಧಮನಿಗಳೇ ಒತ್ತಡದ ಆಘಾತವನ್ನು ಮೊದಲು ತಾಳತಕ್ಕವು. ತಾಳಿ ತಾಳಿ ಅವುಗಳ ಸ್ನಾಯುಪದರ ದಪ್ಪವೇರಿ, ರಕ್ತದ ಪ್ರೋಟೀನುಗಳು ಭಿತ್ತಿಯೊಳಕ್ಕೆ ಜಿನುಗಿ ನಿಲ್ಲಲು, ಸೂಕ್ಷ್ಮದರ್ಶಕದಡಿ ಆ ಭಿತ್ತಿ ಗಾಜಿನಂತೆ ನುಣುಪಾಗಿ, ಬಣ್ಣವಿಟ್ಟಾಗ ನಸುಗೆಂಪಾಗಿ ತೋರುವುದು. ರಕ್ತ ಸಾಲದ, ನೆಫ್ರಾನುಗಳೊಳಗಿನ ಕೇಶನಾಳಗುಚ್ಛಗಳು ಸುಕ್ಕುಗಟ್ಟುತ್ತವೆ. ಉಳಿದವು ಅವುಗಳ ಹೊರೆಯನ್ನೂ ಹೊತ್ತು ತಾವೂ ಸವೆಯುತ್ತವೆ. ಕುಗ್ಗಿದ ಪಿಂಡದ ಮೈ ಜೋಳದ ನುಚ್ಚು ಅಂಟಿದಂತೆ ಕಣಕಣವಾಗಿರುತ್ತದೆ.

ಜರ್ಮನಿಯ ವೈದ್ಯ ಫೋಲ್‌ಹಾರ್ಡ್ ಮತ್ತು ರೋಗವಿಜ್ಞಾನಿ ಫಾರ್ 1914ರಲ್ಲಿ ಇದನ್ನು ಸೌಮ್ಯ, ಉಗ್ರ ಎಂದು ವಿಭಾಗಿಸಿದರು. ಉಗ್ರರೂಪದಲ್ಲಿ ಧಮನೀಭಿತ್ತಿ ಈರುಳ್ಳಿಯ ಪದರಗಳಂತೆ ಬೆಳೆದು ದಾರಿಯನ್ನೇ ಮುಚ್ಚಬಹುದು. ರಕ್ತ ಕಡಿಮೆಯಾದ ಪಿಂಡವು ರೆನಿನ್ ಎಂಬ ಕಿಣ್ವವನ್ನು ಸ್ರವಿಸಿ ಒತ್ತಡವನ್ನು ಮತ್ತಷ್ಟು ಏರಿಸುತ್ತದೆ; ನಾಯಿಗಳ ಮೂತ್ರಪಿಂಡಧಮನಿಯನ್ನು ಬಿಗಿದು ಒತ್ತಡವೇರುವುದನ್ನು ಅಮೆರಿಕದ ರೋಗವಿಜ್ಞಾನಿ ಗೋಲ್ಡ್‌ಬ್ಲಾಟ್ 1934ರಲ್ಲಿ ತೋರಿಸಿದನು.

ನೋವಿಲ್ಲದೆ ಬೆಳೆಯುವುದೇ ಈ ವ್ಯಾಧಿಯ ಘೋರತೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಏರಿಕೆ ಇದರ ಸೂಚಕಗಳು. ಒತ್ತಡವನ್ನಿಳಿಸುವ ಔಷಧಗಳೊಡನೆ ಉಪ್ಪಿನ ಮಿತಿಯೂ ಚಿಕಿತ್ಸೆಯ ಅಂಗವಾಗಿದ್ದು, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಶಿಫಾರಸು ಮಾಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ರೊಟ್ಟಿಯೊಡನೆ ಬಡಿಸುವ ಶೇಂಗಾ ಚಟ್ನಿ, ಉಪ್ಪಿನಕಾಯಿಗಳ ಉಪ್ಪೂ ಈ ಲೆಕ್ಕಕ್ಕೇ ಸೇರತಕ್ಕದ್ದು.