ಎತ್ತರ ತಗ್ಗಿಸಿದ ಸರಕು ಸಾಗಣೆ ವಾಹನಗಳ ಮುಂಭಾಗದ ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಜೋಡಣೆ: ಅರ್ಹತಾ ಪತ್ರದ ಅರ್ಜಿದಾರರಿಗೆ ಮಾಹಿತಿ

ಸರಕು ಏರಿಸಿ ಇಳಿಸಲು ಅನುಕೂಲವಾಗಲೆಂದೋ, ನೋಟಕ್ಕಾಗಿಯೋ ಲಾರಿಗಳ ಮುಂಭಾಗವನ್ನು ತಗ್ಗಿಸುವ ರೂಢಿ ಕೆಲವೆಡೆ ಇದೆ. ಹಳೆಯ ವಾಹನಗಳಲ್ಲಿ ಕಮಾನು ಪಟ್ಟಿಗಳು ಸವೆದು ಕುಸಿಯುವುದರಿಂದಲೂ ಇದೇ ಸ್ಥಿತಿ ಉಂಟಾಗುತ್ತದೆ. ಎರಡರಲ್ಲಿಯೂ ತಾಂತ್ರಿಕ ಪರಿಣಾಮ ಒಂದೇ ಆದರೂ ಕಾನೂನಿನ ದೃಷ್ಟಿಯಲ್ಲಿ ಅವು ಬೇರೆ ಬೇರೆ.

ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಮೇರೆಗೆ, ನೋಂದಣಿ ಪ್ರಮಾಣ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ತಯಾರಕರ ಮೂಲ ನಿರ್ದಿಷ್ಟತೆ ಬದಲಾಗುವಂತಹ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯಿಂದ ಬದಲಾದ 182ಎ ಪ್ರಕರಣದಂತೆ, ಅನುಮತಿಸದ ರೀತಿಯಲ್ಲಿ ಬಿಡಿಭಾಗಗಳನ್ನು ಅಳವಡಿಸಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕುಸಿದ ಕಮಾನು ಪಟ್ಟಿಗಳನ್ನು ತಯಾರಕರ ಅಳತೆಯವುಗಳಿಂದ ಬದಲಿಸುವುದು ಹಾಗೂ ಚಕ್ರಗಳ ಜೋಡಣೆಯನ್ನು ಮೂಲ ಮಿತಿಗೆ ತರುವುದು ಕೇವಲ ದುರಸ್ತಿಯೇ ಹೊರತು ಮಾರ್ಪಾಡಲ್ಲ.

ತಗ್ಗಿಸಿದಾಗ ಆಗುವ ವ್ಯತ್ಯಾಸ

ಪಕ್ಕದಿಂದ ನೋಡಿದಾಗ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನವನ್ನು ಕ್ಯಾಸ್ಟರ್ ಎನ್ನುತ್ತಾರೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಬಹುಮಟ್ಟಿಗೆ ಇದರಿಂದಲೇ. ಮುಂಭಾಗ ಮಾತ್ರ ತಗ್ಗಿದರೆ ಚಾಸಿಸ್ ಮುಂದಕ್ಕೆ ಬಾಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಉದಾಹರಣೆಗೆ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3,600 ಮಿ.ಮೀ. ಅಂತರವಿರುವ ವಾಹನದ ಮುಂಭಾಗ ಸುಮಾರು 63 ಮಿ.ಮೀ. ತಗ್ಗಿದರೆ ಚಾಸಿಸ್ 1 ಡಿಗ್ರಿ ಬಾಗುತ್ತದೆ. ಕ್ಯಾಸ್ಟರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅಂತಹ ವಾಹನವು ವೇಗದಲ್ಲಿ ದಾರಿ ಹಿಡಿಯದೆ ಅತ್ತಿತ್ತ ಸರಿಯುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು, ಎತ್ತರ ಇಳಿಸಲು ಕಮಾನಿನಿಂದ ಒಂದೆರಡು ಪಟ್ಟಿಗಳನ್ನು ತೆಗೆಯುವುದು. ನೋಂದಣಿಯಲ್ಲಿನ ಭಾರದ ಮಿತಿ ಬದಲಾಗದೆ ಉಳಿದ ಪಟ್ಟಿಗಳೇ ಪೂರ್ಣ ಹೊರೆ ಹೊರಬೇಕಾಗುತ್ತದೆ. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ. ಸ್ಟೀರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ಓರೆಯಾಗಿರುವುದರಿಂದ, ಗುಂಡಿಗೆ ಬಿದ್ದ ಪ್ರತಿ ಸಲವೂ ಚಾಲಕರು ತಿರುಗಿಸದಿದ್ದರೂ ಚಕ್ರ ತಿರುಗುತ್ತದೆ. ಈ ದೋಷವು ಟೋ ಸರಿಪಡಿಸುವುದರಿಂದ ಹೋಗುವುದಿಲ್ಲ. ಎತ್ತರವನ್ನೇ ಮೂಲ ಸ್ಥಿತಿಗೆ ತರಬೇಕು.

ಸರಿಪಡಿಸುವ ಕ್ರಮ

ಮೊದಲು ಟೈರುಗಳ ಗಾಳಿ, ಕಿಂಗ್‌ಪಿನ್, ಬೇರಿಂಗ್ ಮತ್ತು ಬಾಲ್ ಜಾಯಿಂಟುಗಳ ಸಡಿಲವನ್ನು ಪರೀಕ್ಷಿಸತಕ್ಕದ್ದು. ನಂತರ ಎತ್ತರ, ಆಮೇಲೆ ಕ್ಯಾಸ್ಟರ್ ಮತ್ತು ಕ್ಯಾಂಬರ್, ಕಟ್ಟಕಡೆಗೆ ಟೋ. ಕ್ರಮ ತಪ್ಪಿದರೆ ಮೊದಲು ಮಾಡಿದ ಕೆಲಸ ವ್ಯರ್ಥ. ಕಮಾನುಗಳನ್ನು ಎರಡೂ ಬದಿಗೆ ಜೋಡಿಯಾಗಿಯೇ ಬದಲಿಸುವುದು ಉಚಿತ. ಒಂದೇ ಬದಿ ಬದಲಿಸಿದ ವಾಹನ ಸಾಮಾನ್ಯವಾಗಿ ಒಂದು ಕಡೆಗೆ ಎಳೆಯುತ್ತದೆ.

ಇಡಿಯಾದ ಆಕ್ಸಲ್ ಇರುವ ಲಾರಿಗಳಲ್ಲಿ ಕ್ಯಾಸ್ಟರನ್ನು ಕಮಾನು ಮತ್ತು ಆಕ್ಸಲ್ ನಡುವಿನ ಬೆಣೆಯಾಕಾರದ ತಗಡಿನಿಂದ ಹೊಂದಿಸುತ್ತಾರೆ. ಕಮಾನು ಆಕ್ಸಲ್‌ನ ಮೇಲಿದ್ದಲ್ಲಿ, ಬೆಣೆಯ ದಪ್ಪ ತುದಿ ಹಿಂದಕ್ಕಿದ್ದರೆ ಕ್ಯಾಸ್ಟರ್ ಹೆಚ್ಚುತ್ತದೆ. ಕ್ಯಾಂಬರ್ ಆಕ್ಸಲ್‌ನಲ್ಲಿಯೇ ರೂಪಿತವಾಗಿರುವುದರಿಂದ, ಅದು ತಪ್ಪಿದ್ದರೆ ಆಕ್ಸಲ್ ಬಾಗಿದೆ ಅಥವಾ ಕಿಂಗ್‌ಪಿನ್ ಸವೆದಿದೆ ಎಂದು ತಿಳಿಯಬೇಕು. ಟೋ ಅಳತೆಯನ್ನು ಟೈ ರಾಡ್‌ನಿಂದ, ತಯಾರಕರ ಕೈಪಿಡಿಯಲ್ಲಿ ಹೇಳಿದ ಭಾರದ ಸ್ಥಿತಿಯಲ್ಲಿಯೇ ಹೊಂದಿಸತಕ್ಕದ್ದು. ಬದಲಿಸಿದ ಯು-ಬೋಲ್ಟುಗಳನ್ನು ಸ್ವಲ್ಪ ದೂರ ಓಡಿಸಿದ ನಂತರ ಪುನಃ ಬಿಗಿಗೊಳಿಸಬೇಕು.

ಅರ್ಹತಾ ಪರೀಕ್ಷೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದಂತೆ ಸ್ಟೀರಿಂಗ್ ಚಕ್ರದ ಖಾಲಿ ಚಲನೆ 30 ಡಿಗ್ರಿ ಮೀರತಕ್ಕದ್ದಲ್ಲ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಕವಚವಿರಬೇಕು, ಬೋಲ್ಟು ಮತ್ತು ಪಿನ್ನುಗಳು ಭದ್ರವಾಗಿ ಲಾಕ್ ಆಗಿರಬೇಕು. ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು 56ನೇ ಪ್ರಕರಣದಂತೆ ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ. ಆದುದರಿಂದ ಪರೀಕ್ಷೆಯ ದಿನಕ್ಕೆ ಕಾಯದೆ ಮುಂಚಿತವಾಗಿಯೇ ದುರಸ್ತಿ ಮಾಡಿಸುವುದು ಮಾಲೀಕರಿಗೇ ಲಾಭದಾಯಕ. ಚಕ್ರ ಜೋಡಣೆಯ ಅಳತೆ ಚೀಟಿ ಮತ್ತು ಬಿಡಿಭಾಗಗಳ ರಸೀದಿಗಳನ್ನು ಜೊತೆಗೆ ತಂದಲ್ಲಿ, ಆಗಿರುವುದು ದುರಸ್ತಿಯೆಂದು ವಿವರಿಸಲು ಅನುಕೂಲ.

ಅರ್ಹತಾ ಪತ್ರ ನಿರಾಕರಣೆಯ ಆದೇಶದಿಂದ ಬಾಧಿತರಾದವರು, ಆದೇಶದ ತಿಳಿವಳಿಕೆ ತಲುಪಿದ ದಿನದಿಂದ 30 ದಿನಗಳೊಳಗೆ 57ನೇ ಪ್ರಕರಣದಂತೆ ಮೇಲ್ಮನವಿ ಸಲ್ಲಿಸಬಹುದಾಗಿದೆ.