'ನೈಸ್' ಎಂಬ ಪದದ ಪೂರ್ವಾಶ್ರಮ



ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲದಲ್ಲಿ ನಿಮ್ಮ ಪ್ರಬಂಧಗಳಲ್ಲಿ 'ನೈಸ್' ಕಂಡಲ್ಲೆಲ್ಲ ಕೆಂಪು ಮಸಿಯ ಗೀಟು ಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ತನ್ನ ಅಜ್ಜಿಯನ್ನು 'ನೈಸ್' ಎಂದು ಬರೆದಿದ್ದ ಬಾಲಕಿಯೊಬ್ಬಳನ್ನು ಎಲ್ಲರೆದುರು ನಿಲ್ಲಿಸಿ, "ಬೇರೆ ಪದವೇ ಸಿಗಲಿಲ್ಲವೇನಮ್ಮ?" ಎಂದು ಗದರಿದ್ದೆ. ಆಮೇಲೆ ಆಕೆ ಸ್ವಂತ ವಾಕ್ಯ ಬರೆಯುವುದನ್ನೇ ಬಿಟ್ಟು ಗೈಡಿನಿಂದ ನಕಲು ಮಾಡತೊಡಗಿದಳು.

ಈ ಪದದ ಚರಿತ್ರೆ ವಿಚಿತ್ರವಾದುದು. ಲ್ಯಾಟಿನ್ನಿನ 'ನೆಸ್ಕಿಯಸ್' ಎಂದರೆ ಅರಿಯದವನು. ಅದು ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ 'ಮೂಢ'. ಮುಂದೆ 'ಅತಿ ನಾಜೂಕಿನ', 'ಸೂಕ್ಷ್ಮವಾದ' ಎಂದಾಯಿತು. 1755ರ ಜಾನ್ಸನ್ ನಿಘಂಟಿನಲ್ಲಿ ನಿಖರತೆ, ನಾಜೂಕುಗಳ ಅರ್ಥಗಳಿಗೇ ಪ್ರಾಧಾನ್ಯ. 'ಹಿತವಾದ' ಎಂಬ ಅರ್ಥ ಬಳಕೆಗೆ ಬಂದುದು ಹದಿನೆಂಟನೆಯ ಶತಮಾನದಲ್ಲಿ. ನಮ್ಮಲ್ಲಿಯೂ 'ಮುಗ್ಧ', 'ಮೂಢ' ಎರಡೂ 'ಮುಹ್' ಎಂಬ ಒಂದೇ ಸಂಸ್ಕೃತ ಧಾತುವಿನಿಂದ ಹುಟ್ಟಿದವು. ಒಂದು ಮೆಚ್ಚುಗೆಯಾಯಿತು, ಇನ್ನೊಂದು ಬೈಗುಳವಾಗಿ ಉಳಿಯಿತು.

1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ 'ನಾರ್ಥ್ಯಾಂಗರ್ ಆ್ಯಬಿ' ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ, ಎಲ್ಲದಕ್ಕೂ ಒಗ್ಗುವ ಪದವೆಂದು ಇದನ್ನು ಹಾಸ್ಯ ಮಾಡುತ್ತಾನೆ. ಆಗ ಅವನ ಸಹೋದರಿ, ಪದದ ಹಳೆಯ ಅರ್ಥವನ್ನೇ ಹಿಡಿದು, ನಾಜೂಕು ಹೆಚ್ಚಾಗಿ ವಿವೇಕ ಕಡಿಮೆಯಾಗಿರುವುದು ಅವನಿಗೇ ಎಂದು ತಿವಿಯುತ್ತಾಳೆ.

ಆ ಮಾತು ನನಗೂ ಸಲ್ಲುತ್ತದೆ. ಆ ಮಗುವಿನ ಪದ ಸರಿಯಾಗಿಯೇ ಇತ್ತು. ಅದರ ಮೊದಲ ಅರ್ಥಕ್ಕೆ ತಕ್ಕವನು ನಾನಾಗಿದ್ದೆ. ಆಕೆ ಇದನ್ನು ಓದಿದರೆ, ಆ ಕೆಂಪು ಗೀಟನ್ನು ಹಿಂತೆಗೆದುಕೊಂಡಿದ್ದೇನೆಂದು ತಿಳಿಯಲಿ.